ಮರಳುಗಾಡಿಗೂ ಕಡಲಿಗೂ ನಡುವೆ ಒಂದು ಬಸ್ಸು

“ಒಂದು ರಾತ್ರಿ ಬಸ್ಸಿನಲ್ಲಿ ಕೂತು ಬಂದರೇ ಸೊಂಟ ಹಿಡಿದುಕೊಳ್ಳುತ್ತೆ, ಇನ್ನು ಎರಡು ಹಗಲು ಎರಡು ರಾತ್ರಿ ಯಾರು ಕೂರ್ತಾರೆ?” ಅಂತೀರಾ? ನಿಮ್ಮ ಮಾತು ನ್ಯಾಯವೇ. ಆದರೆ ದಕ್ಷಿಣ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇಂಥ ಪ್ರಯಾಣ ಯಾರಿಗೂ ಸೋಜಿಗದ ಸಂಗತಿಯಲ್ಲ. ತವರಿಗೆ ಹೊರಟ ಹೆಂಗಸು, ಕಾಲೇಜಿಗೆ ಹೊರಟ ಹುಡುಗಿ, ಮೊಮ್ಮಗುವನ್ನು ನೋಡಲು ಹೊರಟ ಅಜ್ಜಿ, ಎಲ್ಲರೂ ಅಲ್ಲಿ ರಾತ್ರಿ ಬಸ್ಸನ್ನೇ ಹಿಡಿಯುತ್ತಾರೆ. ಹಲವರು ಒಂಟಿಯಾಗಿಯೇ ಹೊರಡುತ್ತಾರೆ.

ಈಗ ನಮ್ಮ ಹೆಣ್ಣುಮಕ್ಕಳು ಹೋಗದ ದೇಶವಿಲ್ಲ. ಓದಿಗೋ ಕೆಲಸಕ್ಕೋ ಹೋದವರು ರಜ ಸಿಕ್ಕಿದರೆ ಬೆನ್ನಿಗೆ ಚೀಲ ಏರಿಸಿ ಊರು ನೋಡಲು ಹೊರಡುತ್ತಾರೆ. “ಅಮ್ಮಾ, ನಾಳೆ ಲೀಮಾದಿಂದ ಬಸ್ಸಿನಲ್ಲಿ ಹೊರಡ್ತೀನಿ” ಎಂದು ಫೋನು ಬಂದರೆ ಇಲ್ಲಿ ನಮ್ಮ ಎದೆ ಧಸಕ್ಕೆನ್ನುತ್ತದೆ. ಆ ಬಸ್ಸು ಎಂಥದು, ಆ ದಾರಿ ಎಂಥದು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದು ಹೋಗುವ ಮಗಳಿಗೂ ಗೊತ್ತಿರಬೇಕು, ಮನೆಯಲ್ಲಿ ಕಾಯುವ ತಾಯಿಗೂ ಗೊತ್ತಿರಬೇಕು. ಬನ್ನಿ, ಪೆರು ದೇಶದ ರಾಜಧಾನಿ ಲೀಮಾದಿಂದ ಚಿಲಿ ದೇಶದ ಬಂದರು ವಾಲ್ಪರೈಸೊವರೆಗೆ ಒಮ್ಮೆ ಹೋಗಿಬರೋಣ. ಸುಮಾರು 3,500 ಕಿಲೋಮೀಟರಿನ ದಾರಿ.

ಬಸ್ಸೇ ಅಲ್ಲಿನ ರೈಲು

ಮೊದಲು ಭೂಪಟವನ್ನು ಮನಸ್ಸಿಗೆ ತಂದುಕೊಳ್ಳಿ. ಎಡಗಡೆ ಶಾಂತಸಾಗರ, ಬಲಗಡೆ ಆಂಡಿಸ್ ಪರ್ವತ. ನಡುವೆ ಸೀರೆಯ ಅಂಚಿನಂತೆ ಉದ್ದಕ್ಕೆ ಹಾಸಿದ ಕಿರಿದಾದ ನೆಲ. ಆ ನೆಲವೋ, ಬಹುಪಾಲು ಬರೀ ಮರಳುಗಾಡು. “ಕಡಲ ದಂಡೆಯಲ್ಲಿ ಮರಳುಗಾಡೇ?” ಎಂದು ಕೇಳಬೇಡಿ. ದಕ್ಷಿಣ ಧ್ರುವದ ಕಡೆಯಿಂದ ಹರಿದು ಬರುವ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಆ ಕಡಲನ್ನು ತಂಪಾಗಿಡುತ್ತದೆ. ತಣ್ಣನೆಯ ನೀರಿನ ಮೇಲಿನ ಗಾಳಿ ಮೇಲೇರುವುದಿಲ್ಲ, ಮೇಲೇರದ ಗಾಳಿ ಮಳೆ ಸುರಿಸುವುದಿಲ್ಲ. ಮಂಜು ಮಾತ್ರ ಬೇಕಾದಷ್ಟು ಸಿಗುತ್ತದೆ. ಚಳಿಗಾಲದಲ್ಲಿ ಲೀಮಾ ನಗರ ತಿಂಗಳುಗಟ್ಟಲೆ ಬೂದು ಮುಸುಕು ಹೊದ್ದು ಕೂತಿರುತ್ತದೆ. ಆಂಡಿಸ್‌ನಿಂದ ಇಳಿದು ಬರುವ 50ಕ್ಕೂ ಹೆಚ್ಚು ನದಿಗಳು ಪೆರುವಿನ ಈ ಮರಳನ್ನು ಅಲ್ಲಲ್ಲಿ ಕತ್ತರಿಸುತ್ತವೆ. ನದಿ ಇದ್ದಲ್ಲಿ ಹಸಿರು ಕಣಿವೆ, ಕಣಿವೆ ಇದ್ದಲ್ಲಿ ಊರು. ಒಂದು ಊರಿಗೂ ಮತ್ತೊಂದಕ್ಕೂ ನಡುವೆ ಬಟಾಬಯಲು.

ಇಂಥ ಊರುಗಳನ್ನು ಹಿಂದೆ ಒಂದಕ್ಕೊಂದು ಸೇರಿಸುತ್ತಿದ್ದದ್ದು ಹಡಗು. 1840ರಲ್ಲಿ ‘ಚಿಲಿ’ ಮತ್ತು ‘ಪೆರು’ ಎಂಬ ಎರಡು ಉಗಿಹಡಗುಗಳು ಇಂಗ್ಲೆಂಡಿನಿಂದ ಬಂದು ಈ ಕರಾವಳಿಯಲ್ಲಿ ಓಡಾಡತೊಡಗಿದವು. ಪೆರುವಿನಲ್ಲಿ ರೈಲು ಬಂದದ್ದು ಬಂದರಿನಿಂದ ಗಣಿಗೆ, ಬಂದರಿನಿಂದ ಕಬ್ಬಿನ ತೋಟಕ್ಕೆ. ಊರಿಂದೂರಿಗೆ ಕರಾವಳಿಯುದ್ದಕ್ಕೂ ಹಳಿ ಹಾಕಲೇ ಇಲ್ಲ. ಚಿಲಿಯಲ್ಲಿ ಉತ್ತರದ ಇಕೀಕೆವರೆಗೆ ‘ಲೊಂಗೀನೊ’ ಎಂಬ ಉದ್ದನೆಯ ರೈಲು ಇತ್ತು. 1975ರಲ್ಲಿ ಅದೂ ನಿಂತಿತು. ಉಳಿದದ್ದು ಪ್ಯಾನ್ ಅಮೆರಿಕನ್ ಹೆದ್ದಾರಿ ಮತ್ತು ಅದರ ಮೇಲೆ ಹಗಲಿರುಳು ಓಡುವ ಬಸ್ಸು. ರೈಲಿನ ಮೊದಲನೇ ದರ್ಜೆ, ಎರಡನೇ ದರ್ಜೆ, ಊಟ, ಹೊದಿಕೆ ಎಲ್ಲವೂ ಬಸ್ಸಿಗೇ ಬಂದು ಸೇರಿಕೊಂಡವು.

ಒಬ್ಬಳೇ ಹೊರಟವಳ ಮಾತು

ಒಂಟಿ ಹೆಂಗಸು ಈ ದಾರಿ ಹಿಡಿದದ್ದು ನಿನ್ನೆ ಮೊನ್ನೆಯಲ್ಲ. 1833ರಲ್ಲಿ ಫ್ಲೋರಾ ತ್ರಿಸ್ತಾನ್ ಎಂಬಾಕೆ ಫ್ರಾನ್ಸಿನಿಂದ ಹಡಗು ಹತ್ತಿದಳು. ಆಗ ಅವಳಿಗೆ 30 ವರ್ಷ. ಗಂಡನ ಕಾಟ ತಾಳಲಾರದೆ ಮನೆ ಬಿಟ್ಟವಳು. ಪೆರುವಿನ ಅರೆಕೀಪಾದಲ್ಲಿದ್ದ ಚಿಕ್ಕಪ್ಪನಿಂದ ತಂದೆಯ ಆಸ್ತಿಯ ಪಾಲು ಕೇಳಲು ಹೊರಟಿದ್ದಳು. ನಾಲ್ಕು ತಿಂಗಳಿಗೂ ಮೀರಿ ಕಡಲಲ್ಲಿ ತೇಲಿ ವಾಲ್ಪರೈಸೊ ಮುಟ್ಟಿದಳು. ಅಲ್ಲಿಂದ ಇನ್ನೊಂದು ಹಡಗಿನಲ್ಲಿ ಇಸ್ಲಾಯ್ ಬಂದರಿಗೆ ಬಂದು, ಹೇಸರಗತ್ತೆಯ ಬೆನ್ನೇರಿ ಮರಳುಗಾಡು ದಾಟಿದಳು. ಚಿಕ್ಕಪ್ಪ ಪಾಲು ಕೊಡಲಿಲ್ಲ. ತಂದೆ ತಾಯಿಯ ಮದುವೆ ಕಾನೂನಿಗೆ ಒಪ್ಪುವಂತಿರಲಿಲ್ಲ ಎಂಬ ನೆಪ ಮುಂದೊಡ್ಡಿದ.

ಅವಳು ಸುಮ್ಮನೆ ಅಳುತ್ತಾ ಕೂರಲಿಲ್ಲ. ಊರಿಗೆ ಮರಳಿ 1835ರಲ್ಲಿ ಒಂದು ಕಿರುಹೊತ್ತಗೆ ಬರೆದಳು. ಒಬ್ಬಳೇ ಪರಊರಿಗೆ ಬಂದ ಹೆಣ್ಣನ್ನು ಜನ ಅನುಮಾನದಿಂದ ನೋಡಬಾರದು, ಅವಳಿಗೆ ಒಳ್ಳೆಯ ಸ್ವಾಗತ ಸಿಗಬೇಕು ಎಂಬುದೇ ಅದರ ವಿಷಯ. ಸುಮಾರು 190 ವರ್ಷದ ಹಿಂದಿನ ಮಾತು! ಮುಂದೆ ಕೆಲಸಗಾರರ ಪರ, ಹೆಂಗಸರ ಪರ ದುಡಿದು ಹೆಸರಾದ ಫ್ಲೋರಾಳ ಆ ಬೇಡಿಕೆ ಇಂದಿಗೂ ಎಲ್ಲ ಕಡೆ ಈಡೇರಿಲ್ಲ. ಆದರೆ ಈ ಕರಾವಳಿಯ ಬಸ್ಸಿನಲ್ಲಿ ಒಂದಿಷ್ಟಾದರೂ ಈಡೇರಿದೆ ಎನ್ನಬಹುದು. ನೀವು ಒಬ್ಬರೇ ಹತ್ತಿದರೆ ಅಲ್ಲಿ ಯಾರೂ “ಯಜಮಾನರು ಎಲ್ಲಿ?” ಎಂದು ಕೇಳುವುದಿಲ್ಲ.

ಯಾವುದರಲ್ಲಿ ಉಳಿಸಬಾರದು?

ನಾವು ಹೆಂಗಸರು ನಾಲ್ಕು ಕಾಸು ಉಳಿಸುವುದರಲ್ಲಿ ಜಾಣೆಯರು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಈ ದಾರಿಯಲ್ಲಿ ಟಿಕೆಟ್ಟಿನಲ್ಲಿ ಮಾತ್ರ ಉಳಿಸಲು ಹೋಗಬೇಡಿ. ಯಾಕೆ ಅಂತ ಕೇಳಿ.

ಲೀಮಾದ ಉತ್ತರಕ್ಕೆ ಪಸಮಾಯೊ ಎಂಬ ಕಡೆ ಹಳೆಯ ಹೆದ್ದಾರಿ ಮರಳಿನ ಕಡಿದಾದ ಗುಡ್ಡಕ್ಕೆ ಹಾವಿನಂತೆ ಸುತ್ತಿಕೊಂಡಿದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಸುಮಾರು ನೂರು ಮೀಟರು ಕೆಳಗೆ ಕಡಲು. ಮೇಲೆ ಕವಿಯುವ ಮಂಜು. 2018ರ ಜನವರಿ 2ರಂದು ವಾಚೊ ಪಟ್ಟಣದಿಂದ ಲೀಮಾಕ್ಕೆ ಬರುತ್ತಿದ್ದ ಬಸ್ಸೊಂದು ‘ದೆವ್ವದ ತಿರುವು’ ಎಂದು ಜನ ಕರೆಯುವ ಜಾಗದಲ್ಲಿ ಲಾರಿಗೆ ಡಿಕ್ಕಿ ಹೊಡೆದು ಕೆಳಗೆ ಉರುಳಿತು. 50ಕ್ಕೂ ಹೆಚ್ಚು ಜನ ತೀರಿಕೊಂಡರು. ಹೊಸ ವರ್ಷದ ಹಬ್ಬ ಮುಗಿಸಿ ಮನೆಗೆ ಮರಳುತ್ತಿದ್ದ ಸಂಸಾರಗಳು ಅದರಲ್ಲಿದ್ದವು. ಕಾರುಗಳಿಗೆ ಗುಡ್ಡದ ಮೇಲೆ ಬೇರೆ ಒಳ್ಳೆಯ ರಸ್ತೆ ಇತ್ತು. ಬಸ್ಸು ಲಾರಿಗಳನ್ನು ಮಾತ್ರ ಈ ಇಕ್ಕಟ್ಟಿನ ದಾರಿಗೆ ಬಿಟ್ಟಿದ್ದರು. ಅಷ್ಟು ಜೀವ ಹೋದ ಮೇಲೆ ಪ್ರಯಾಣಿಕರ ಬಸ್ಸುಗಳನ್ನೂ ಮೇಲಿನ ರಸ್ತೆಗೆ ತಿರುಗಿಸಿದರು.

ಈ ದಾರಿಯಲ್ಲಿ ಹೆದರಬೇಕಾದದ್ದು ಪಕ್ಕದ ಸೀಟಿನವನಿಗಿಂತ ಹೆಚ್ಚಾಗಿ ನಿದ್ದೆಗೆಟ್ಟ ಚಾಲಕನಿಗೆ, ಮಂಜಿಗೆ ಮತ್ತು ವೇಗಕ್ಕೆ. ಪೆರುವಿನ ನಿಯಮದಂತೆ ಒಬ್ಬ ಚಾಲಕ ಹಗಲು 5 ಗಂಟೆ, ರಾತ್ರಿ 4 ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಬಸ್ಸು ಓಡಿಸುವಂತಿಲ್ಲ. ಚಿಲಿಯಲ್ಲಿ 5 ಗಂಟೆ ಓಡಿಸಿದ ಮೇಲೆ 2 ಗಂಟೆ ವಿಶ್ರಾಂತಿ ಪಡೆಯಲೇಬೇಕು. ಆದ್ದರಿಂದ ದೂರದ ಬಸ್ಸಿನಲ್ಲಿ ಇಬ್ಬರು ಚಾಲಕರಿರುತ್ತಾರೆ. ಹೆಸರಾದ ಕಂಪನಿಯ ನೇರ ಬಸ್ಸಿಗೆ ನೀವು ಕೊಡುವ ಹೆಚ್ಚಿನ ಹಣ ಆ ಎರಡನೆಯ ಚಾಲಕನಿಗೆ, ದಾರಿಯಲ್ಲಿ ಕಂಡಕಂಡವರನ್ನು ಹತ್ತಿಸಿಕೊಳ್ಳದ ಶಿಸ್ತಿಗೆ ಕೊಡುವ ಹಣ ಎಂದುಕೊಳ್ಳಿ. ಟಿಕೆಟ್ಟು ಕೊಳ್ಳುವಾಗ “ಚಾಲಕರು ಎಷ್ಟು ಜನ? ದಾರಿಯಲ್ಲಿ ನಿಲ್ಲಿಸಿ ಜನ ಹತ್ತಿಸ್ತೀರಾ?” ಎಂದು ಕೇಳಲು ಸಂಕೋಚ ಬೇಡ. ಅನೇಕ ಬಸ್ಸುಗಳಲ್ಲಿ ಪ್ರಯಾಣಿಕರಿಗೆ ಕಾಣುವಂತೆ ವೇಗ ತೋರಿಸುವ ದೀಪದ ಫಲಕವಿರುತ್ತದೆ. ಪೆರುವಿನಲ್ಲಿ ಗಂಟೆಗೆ 90 ಕಿ.ಮೀ., ಚಿಲಿಯಲ್ಲಿ 100 ಕಿ.ಮೀ. ಬಸ್ಸಿನ ಮಿತಿ. ಮಿತಿ ಮೀರಿದ್ದು ಕಂಡರೆ ಹೇಳುವ ಹಕ್ಕು ನಿಮಗಿದೆ. ಸೀಟಿನ ಪಟ್ಟಿ ಕಟ್ಟಿಕೊಂಡೇ ಮಲಗಿ. ಹೊದಿಕೆಯ ಕೆಳಗೆ ಕಟ್ಟಿಕೊಂಡರೆ ನಿದ್ದೆಗೇನೂ ಅಡ್ಡಿಯಾಗದು.

ಇನ್ನು ಸೀಟಿನ ವಿಚಾರ. ಹೆಚ್ಚಿನವು ಎರಡು ಅಂತಸ್ತಿನ ಬಸ್ಸುಗಳು. ಅರ್ಧ ಒರಗುವ ಸೀಟಿಗೆ ‘ಸೆಮಿ ಕಾಮಾ’ ಎಂದೂ, ಹಾಸಿಗೆಯಂತೆ ಚಾಚಿಕೊಳ್ಳುವ ಸೀಟಿಗೆ ‘ಕಾಮಾ’ ಎಂದೂ ಹೆಸರು. ಮುಸಿಮುಸಿ ನಗಬೇಡಿ! ಸ್ಪ್ಯಾನಿಷ್ ಭಾಷೆಯಲ್ಲಿ ಕಾಮಾ ಎಂದರೆ ಹಾಸಿಗೆ, ಅಷ್ಟೇ. ಕಾಮಾ ದರ್ಜೆಯಲ್ಲಿ ಸಾಲಿಗೆ ಮೂರೇ ಸೀಟು: ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು. ಒಬ್ಬರೇ ಹೋಗುವ ಹೆಂಗಸರಿಗೆ ಆ ಒಂಟಿ ಸೀಟಿಗಿಂತ ಒಳ್ಳೆಯದಿಲ್ಲ. ಪಕ್ಕದಲ್ಲಿ ಯಾರು ಬಂದು ಕೂರುತ್ತಾರೋ ಎಂಬ ಚಿಂತೆಯೇ ಇಲ್ಲ. ನಮ್ಮಲ್ಲಿಯಂತೆ ‘ಮಹಿಳೆಯರಿಗೆ’ ಎಂದು ಬರೆದ ಸೀಟು ಅಲ್ಲಿ ಸಾಮಾನ್ಯವಾಗಿ ಸಿಗದು. ನಿಮ್ಮ ಜಾಗವನ್ನು ಟಿಕೆಟ್ಟು ಕೊಳ್ಳುವಾಗಲೇ ಆರಿಸಿಕೊಳ್ಳಬೇಕು. ಮೇಲಂತಸ್ತಿನ ಎದುರು ಸಾಲಿನಿಂದ ನೋಟ ಚೆನ್ನ. ಆದರೆ ಎದುರು ಗಾಜು ಬಿಟ್ಟರೆ ಮುಂದೆ ಏನೂ ಇಲ್ಲ. ರಾತ್ರಿ ಪಯಣಕ್ಕೆ ನಡುವಿನ ಸಾಲೇ ಮೇಲು. ದಕ್ಷಿಣಕ್ಕೆ ಹೋಗುವಾಗ ಕಡಲು ಬಲಗಡೆಗೆ ಬರುತ್ತದೆ ಎಂಬುದೂ ನೆನಪಿರಲಿ.

ಹತ್ತುವಾಗ, ಕೂರುವಾಗ

ವಿಮಾನ ಹತ್ತಿದಂತೆಯೇ ಇಲ್ಲಿ ಬಸ್ಸು ಹತ್ತುವುದು. ಪಾಸ್‌ಪೋರ್ಟು ತೋರಿಸಬೇಕು, ಹೆಸರು ಪಟ್ಟಿಯಲ್ಲಿರಬೇಕು. ದೊಡ್ಡ ಪೆಟ್ಟಿಗೆಗೆ ಚೀಟಿ ಕಟ್ಟಿ ಅರ್ಧ ತುಂಡು ನಿಮಗೆ ಕೊಡುತ್ತಾರೆ. ಅದನ್ನು ಕಳೆದರೆ ಪೆಟ್ಟಿಗೆ ಬಿಡಿಸಿಕೊಳ್ಳುವಾಗ ಪರದಾಟ. ಪೆರುವಿನ ಕೆಲವು ಬಸ್ಸುಗಳಲ್ಲಿ ಹೊರಡುವ ಮುಂಚೆ ಒಬ್ಬರು ಬಂದು ಪ್ರತಿಯೊಬ್ಬ ಪ್ರಯಾಣಿಕರ ಮುಖವನ್ನೂ ವೀಡಿಯೊದಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಕಳ್ಳರು ಪ್ರಯಾಣಿಕರ ವೇಷದಲ್ಲಿ ಹತ್ತಬಾರದೆಂದು ಈ ಏರ್ಪಾಡು. ಗಾಬರಿಯಾಗದೆ ಮುಖ ತೋರಿಸಿ.

ವಿಮಾನದ ಗಗನಸಖಿಗೆ ಅಲ್ಲಿ ‘ಆಯೆರೋಮೋಸಾ’ ಅನ್ನುತ್ತಾರೆ. ಬಸ್ಸಿನಲ್ಲಿ ಊಟ ಹೊದಿಕೆ ಕೊಡುವ ಹುಡುಗಿಗೆ ‘ತೆರ್ರಾಮೋಸಾ’ ಎಂಬ ಹೆಸರು. ‘ಭೂಮಿಸಖಿ’ ಅನ್ನೋಣವೇ? ಓಲಾಡುವ ಬಸ್ಸಿನಲ್ಲಿ ಇಡೀ ರಾತ್ರಿ ಮೆಟ್ಟಿಲು ಹತ್ತಿ ಇಳಿದು, ಬಿಸಿ ನೀರಿನ ಲೋಟ ಚೆಲ್ಲದಂತೆ ಹಿಡಿದು ತರುವ ಕೆಲಸ ಸುಲಭದ್ದಲ್ಲ. ಯಾರಾದರೂ ತೊಂದರೆ ಕೊಟ್ಟರೆ ಮೊದಲು ಹೇಳಬೇಕಾದದ್ದು ಅವಳಿಗೆ. ಬೇರೆ ಸೀಟು ಖಾಲಿ ಇದ್ದರೆ ಕೊಡಿಸುತ್ತಾಳೆ. ಚಿಲಿಯಲ್ಲಿ ಈ ಕೆಲಸ ಮಾಡುವವರಿಗೆ ‘ಆಕ್ಸಿಲಿಯಾರ್’ ಎನ್ನುತ್ತಾರೆ, ಸಾಮಾನ್ಯವಾಗಿ ಗಂಡಸರಿರುತ್ತಾರೆ.

ಕೈಚೀಲದ ವಿಚಾರದಲ್ಲಿ ಎಚ್ಚರ. “ಅಮ್ಮಾ, ಚೀಲ ಮೇಲಿಡಿ, ಇಲ್ಲವೇ ಕಾಲ ಕೆಳಗಿಡಿ” ಎಂದು ಸಿಬ್ಬಂದಿಯಂತೆ ನಟಿಸಿ ಹೇಳಿ, ನೀವು ತೂಕಡಿಸಿದಾಗ ಹಿಂದಿನ ಸೀಟಿನಿಂದ ಕೈ ಹಾಕುವವರಿದ್ದಾರೆ. ಪಾಸ್‌ಪೋರ್ಟು, ಹಣ, ಫೋನು ಮೈಮೇಲೇ ಇರಲಿ. ಚೀಲದ ಪಟ್ಟಿಯನ್ನು ಕಾಲಿಗೋ ತೋಳಿಗೋ ಸುತ್ತಿಕೊಂಡು ಮಡಿಲಲ್ಲಿಟ್ಟುಕೊಳ್ಳಿ.

ಹೇಳಲು ಸಂಕೋಚ, ಆದರೂ ಹೇಳಲೇಬೇಕಾದ ಮಾತು ಒಂದಿದೆ. ಬಸ್ಸಿನೊಳಗೆ ಶೌಚಾಲಯ ಇರುತ್ತದೆ. ಆದರೆ ಹಲವು ಬಸ್ಸುಗಳಲ್ಲಿ ಅದು ಮೂತ್ರಕ್ಕೆ ಮಾತ್ರ ಎಂದು ಬರೆದಿರುತ್ತದೆ. ಹಾಗಾಗಿ ಹತ್ತುವ ಮುಂಚೆ ನಿಲ್ದಾಣದಲ್ಲೇ ಎಲ್ಲ ಮುಗಿಸಿಕೊಳ್ಳಿ. ನಿಲ್ದಾಣದ ಶೌಚಾಲಯಕ್ಕೆ ಚಿಲ್ಲರೆ ಬೇಕು, ಕಾಗದವೂ ಸೋಪೂ ನಿಮ್ಮದೇ ಇರಲಿ. ತಿಂಗಳಿನ ದಿನಗಳಾದರೆ ಬೇಕಾದದ್ದನ್ನು ದೊಡ್ಡ ಪೆಟ್ಟಿಗೆಯಲ್ಲಿಡಬೇಡಿ; ಹೊಟ್ಟೆಯೊಳಗೆ ಸೇರಿದ ಪೆಟ್ಟಿಗೆ ಇಳಿಯುವ ಊರು ಬಂದ ಮೇಲೇ ಕೈಗೆ ಸಿಗುವುದು.

ಮರಳನ್ನು ಗುಡಿಸಿದ ಮುದುಕಿ

ಲೀಮಾದಿಂದ ನಾಸ್ಕಾ ಸುಮಾರು 450 ಕಿ.ಮೀ., 7-8 ಗಂಟೆಯ ದಾರಿ. ಇದನ್ನು ಹಗಲಿನಲ್ಲೇ ಮಾಡಿ. ಊರು ಸಮೀಪಿಸುವ ಮುನ್ನ ಹೆದ್ದಾರಿಯ ಪಕ್ಕದಲ್ಲೇ ಕಬ್ಬಿಣದ ಒಂದು ಗೋಪುರ ಕಾಣುತ್ತದೆ. ಅದರ ಸುತ್ತ ಹರಡಿರುವುದೇ ಜಗತ್ಪ್ರಸಿದ್ಧ ನಾಸ್ಕಾ ಗೆರೆಗಳು. 1500ರಿಂದ 2500 ವರ್ಷಗಳ ಹಿಂದೆ ಅಲ್ಲಿನ ಜನ ಮೇಲಿನ ಕಂದು ಕಲ್ಲುಗಳನ್ನು ಸರಿಸಿ, ಕೆಳಗಿನ ತಿಳಿ ಮಣ್ಣು ಕಾಣುವಂತೆ ಮಾಡಿ ನೆಲದ ಮೇಲೆ ಹಕ್ಕಿ, ಕೋತಿ, ಜೇಡಗಳನ್ನು ಬರೆದರು. ನಮ್ಮ ಅಂಗಳದ ರಂಗೋಲಿ ನೆನಪಾಗುತ್ತದೆ. ಆದರೆ ಇದು ಮೈಲಿಗಟ್ಟಲೆ ಹರಡಿದ ರಂಗೋಲಿ. ಮಳೆಯೇ ಇಲ್ಲದ್ದರಿಂದ ಇಂದಿಗೂ ಅಳಿಸಿಲ್ಲ.

ಅಳಿಸಿದ್ದು ಮನುಷ್ಯ. ಪ್ಯಾನ್ ಅಮೆರಿಕನ್ ಹೆದ್ದಾರಿ ಹಾಕುವಾಗ ಒಂದು ದೊಡ್ಡ ಹಲ್ಲಿಯ ಚಿತ್ರವನ್ನು ನಡುವೆಯೇ ಸೀಳಿ ರಸ್ತೆ ಮಾಡಿದರು. ನಿಮ್ಮ ಬಸ್ಸು ಆ ಹಲ್ಲಿಯ ಮೈಮೇಲೇ ಹಾದುಹೋಗುತ್ತದೆ. ಉಳಿದವಾದರೂ ಉಳಿದದ್ದು ಒಬ್ಬ ಹೆಂಗಸಿನಿಂದ. ಮರಿಯಾ ರೈಖೆ ಜರ್ಮನಿಯ ಡ್ರೆಸ್ಡೆನ್‌ನಲ್ಲಿ 1903ರಲ್ಲಿ ಹುಟ್ಟಿದವರು, ಗಣಿತ ಓದಿದವರು. 1932ರಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಹಿಡಿದು ಪೆರುವಿಗೆ ಬಂದರು. 1940ರ ದಶಕದಲ್ಲಿ ಈ ಗೆರೆಗಳನ್ನು ಕಂಡ ಮೇಲೆ ಬೇರೆ ಬದುಕೇ ಬೇಡವಾಯಿತು. ಪೊರಕೆ ಹಿಡಿದು ಗೆರೆಗಳ ಮೇಲಿನ ಕಲ್ಲು ಮಣ್ಣು ಗುಡಿಸಿದರು, ಟೇಪು ಹಿಡಿದು ಅಳೆದರು. ಮರಳುಗಾಡನ್ನು ಗುಡಿಸುವ ಇವಳು ಹುಚ್ಚಿಯೋ ಮಾಟಗಾತಿಯೋ ಎಂದು ಅಕ್ಕಪಕ್ಕದವರು ಆಡಿಕೊಂಡರು. ರಸ್ತೆಯಲ್ಲಿ ಹೋಗುವವರು ಗೆರೆಗಳ ಮೇಲೆ ನಡೆದಾಡದೆ ದೂರದಿಂದಲೇ ನೋಡಲಿ ಎಂದು 1976ರಲ್ಲಿ ಆ ಗೋಪುರ ಕಟ್ಟಿಸಿದವರೂ ಅವರೇ. 1994ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. 1998ರಲ್ಲಿ ಮರಿಯಾ ತೀರಿಕೊಂಡರು. ನಾವು ದಿನವೂ ಕೈಯಲ್ಲಿ ಹಿಡಿಯುವ ಪೊರಕೆಗೆ ಇಂಥದೊಂದು ಕೀರ್ತಿಯೂ ಉಂಟು ನೋಡಿ!

ನಾಸ್ಕಾ ದಾಟಿದ ಮೇಲೆ ರಸ್ತೆ ಮತ್ತೆ ಕಡಲಿಗೆ ಇಳಿಯುತ್ತದೆ. ಯಾಉಕಾದ ಆಲಿವ್ ತೋಪುಗಳು, ಚಾಲಾ, ಆತಿಕೊ, ಬಂಡೆಯನ್ನು ಕೊರೆದ ತಿರುವುಗಳು, ಆಮೇಲೆ ಇದ್ದಕ್ಕಿದ್ದಂತೆ ಕಮಾನಾದ ಭತ್ತದ ಗದ್ದೆಗಳು. ಮರಳು ನೋಡಿ ನೋಡಿ ಬತ್ತಿದ ಕಣ್ಣಿಗೆ ಆ ಹಸಿರು ಹಬ್ಬ. ಲೀಮಾದಿಂದ ಗಡಿಯ ತಾಕ್ನಾ ಪಟ್ಟಣಕ್ಕೆ ಸುಮಾರು 1,290 ಕಿ.ಮೀ.; ಎಲ್ಲೂ ಇಳಿಯದೆ ಹೋದರೆ 20 ಗಂಟೆ ಬೇಕು.

ಗಡಿಯಲ್ಲಿ ಉಪ್ಪಿನಕಾಯಿ ಪರೀಕ್ಷೆ

ತಾಕ್ನಾದಿಂದ ಚಿಲಿಯ ಅರೀಕಾ ಹೆಚ್ಚೆಂದರೆ 60 ಕಿ.ಮೀ. ದೂರ. ಚಿಕ್ಕ ಬಸ್ಸೂ ಇದೆ, ಐದು ಜನ ಸೇರಿ ಹೋಗುವ ‘ಕೊಲೆಕ್ತೀವೊ’ ಕಾರೂ ಇದೆ. ಕಾರಿನವನೇ ಗಡಿಯಲ್ಲಿ ಕಾಗದಪತ್ರದ ದಾರಿ ತೋರಿಸುತ್ತಾನೆ.

ಚಿಲಿ ದೇಶ ದ್ರಾಕ್ಷಿ, ಚೆರ್ರಿ ಹಣ್ಣುಗಳನ್ನು ಜಗತ್ತಿಗೆಲ್ಲ ಮಾರುವ ದೇಶ. ಹೊರಗಿನಿಂದ ಹಣ್ಣುನೊಣ ಬಂದರೆ ತೋಟಗಳೇ ಹಾಳು. ಆದ್ದರಿಂದ ಹಸಿ ಹಣ್ಣು, ತರಕಾರಿ, ಬೀಜ, ಜೇನುತುಪ್ಪಗಳನ್ನು ಒಳಗೆ ಬಿಡುವುದಿಲ್ಲ. ಚೀಲವನ್ನು ಯಂತ್ರದಲ್ಲಿ ನೋಡುತ್ತಾರೆ, ನಾಯಿಯಿಂದ ಮೂಸಿಸುತ್ತಾರೆ. ಅಮ್ಮ ಕಟ್ಟಿಕೊಟ್ಟ ಹುರುಳಿಕಾಳು, ಕರಿಬೇವು, ಮಾವಿನ ಉಪ್ಪಿನಕಾಯಿ, ದೇವರ ಪ್ರಸಾದದ ತೆಂಗಿನಕಾಯಿ, ಏನೇ ಇರಲಿ, ಕೊಡುವ ನಮೂನೆಯಲ್ಲಿ ‘ಇದೆ’ ಎಂದು ಬರೆದುಬಿಡಿ. ಬರೆದರೆ, ಕೂಡದ ಪದಾರ್ಥವನ್ನು ತೆಗೆದು ಕಸಕ್ಕೆ ಹಾಕುತ್ತಾರೆ, ಅಷ್ಟಕ್ಕೇ ಮುಗಿಯಿತು. ಮುಚ್ಚಿಟ್ಟರೆ ದಂಡ. ಒಂದು ಸೇಬಿಗಾಗಿ ದಂಡ ತೆರುವುದು ಬೇಡ.

ಇನ್ನೊಂದು, ಗಡಿಯಾರ. ಚಿಲಿಯ ಸಮಯ ಪೆರುವಿಗಿಂತ ಚಳಿಗಾಲದಲ್ಲಿ 1 ಗಂಟೆ, ಬೇಸಗೆಯಲ್ಲಿ 2 ಗಂಟೆ ಮುಂದಿದೆ. ಇದನ್ನು ಮರೆತು ಅರೀಕಾದ ಬಸ್ಸು ತಪ್ಪಿಸಿಕೊಳ್ಳುವವರುಂಟು. ಮಗುವಿನೊಡನೆ ತಾಯಿ ಒಬ್ಬಳೇ ಹೋಗುವುದಾದರೆ ಗಂಡನ ಒಪ್ಪಿಗೆ ಪತ್ರವನ್ನು ನೋಟರಿಯಿಂದ ಮಾಡಿಸಿ, ಸ್ಪ್ಯಾನಿಷ್ ಅನುವಾದದೊಡನೆ ಇಟ್ಟುಕೊಳ್ಳಿ. ಮಗುವಿನ ಜನನಪತ್ರವೂ ಇರಲಿ. “ಹೆತ್ತ ತಾಯಿಗೆ ಒಪ್ಪಿಗೆ ಯಾಕೆ?” ಎಂದು ಸಿಟ್ಟು ಬರುವುದು ಸಹಜ. ಮಕ್ಕಳ ಕಳ್ಳಸಾಗಣೆ ತಡೆಯಲು ಆ ದೇಶಗಳು ಬಿಗಿ ಮಾಡಿಕೊಂಡಿವೆ. ಕೇಳಿದಾಗ ತೋರಿಸಲು ಕೈಯಲ್ಲಿದ್ದರೆ ವಾದಕ್ಕೆ ಎಡೆಯಿಲ್ಲ.

ಮಳೆ ಕಾಣದ ಊರು, ನೀರಿನ ಹರಕೆ

ಅರೀಕಾದಲ್ಲಿ 1903ರ ಅಕ್ಟೋಬರಿನಿಂದ 1918ರ ಜನವರಿಯವರೆಗೆ, ಅಂದರೆ 14 ವರ್ಷಕ್ಕೂ ಮಿಕ್ಕಿ, ಒಂದು ಹನಿ ಮಳೆ ಬಿದ್ದಿರಲಿಲ್ಲ. ಆಗುಂಬೆಯ ಕಡೆಯವರಿಗೆ ಇದು ಕಟ್ಟುಕತೆ ಅನ್ನಿಸೀತು! ಇಲ್ಲಿಂದ ಮುಂದೆ ಅಟಕಾಮಾ ಮರಳುಗಾಡು. ಅರೀಕಾದಿಂದ ಸಾಂಟಿಯಾಗೊ ಸುಮಾರು 2,050 ಕಿ.ಮೀ., 28ರಿಂದ 30 ಗಂಟೆ. ಒಂದೇ ಉಸಿರಿಗೆ ಹೋಗಬೇಡಿ. ಇಕೀಕೆಯಲ್ಲೋ ಆಂತೊಫಗಾಸ್ತಾದಲ್ಲೋ ಒಂದು ರಾತ್ರಿ, ಲಾ ಸೆರೇನಾದಲ್ಲಿ ಒಂದು ರಾತ್ರಿ ನಿಂತು ಹೋಗಿ. ಕಾಲು ಊದಿಕೊಳ್ಳುವುದು ತಪ್ಪುತ್ತದೆ.

ಅರೀಕಾ ಬಿಟ್ಟು ಸುಮಾರು 100 ಕಿ.ಮೀ. ಬಂದಾಗ ಬಸ್ಸು ಕಮರೋನೆಸ್ ಎಂಬ ಆಳವಾದ ಕಣಿವೆಗೆ ಇಳಿಯುತ್ತದೆ. ಸುಮಾರು 7,000 ವರ್ಷಗಳ ಹಿಂದೆ ಇಲ್ಲಿ ಚಿಂಚೊರೊ ಎಂಬ ಮೀನುಗಾರ ಜನ ತಮ್ಮ ಸತ್ತವರನ್ನು ಮಮ್ಮಿಗಳನ್ನಾಗಿ ಕಾಪಿಟ್ಟರು. ಈಜಿಪ್ಟಿಗಿಂತ ಎಷ್ಟೋ ಮೊದಲು. ಈಜಿಪ್ಟಿನವರು ರಾಜರನ್ನು ಕಾಪಿಟ್ಟರೆ ಇವರು ಕಾಪಿಟ್ಟ ಮೊದಮೊದಲ ದೇಹಗಳಲ್ಲಿ ಹಸುಗೂಸುಗಳೇ ಇವೆ, ಹೊಟ್ಟೆಯಲ್ಲೇ ಸತ್ತ ಭ್ರೂಣಗಳೂ ಇವೆ. ಈ ಕಣಿವೆಯ ನೀರಿನಲ್ಲಿ ಹುಟ್ಟಾ ಆರ್ಸೆನಿಕ್ ವಿಷವಿದೆ. ಅದರಿಂದಲೇ ಮಕ್ಕಳು ಉಳಿಯುತ್ತಿರಲಿಲ್ಲ, ಆ ದುಃಖವೇ ಈ ಪದ್ಧತಿಗೆ ಮೊದಲಾಯಿತೋ ಏನೋ ಎಂದು ಸಂಶೋಧಕ ಬೆರ್ನಾರ್ದೊ ಅರಿಯಾಸಾ ಊಹಿಸಿದ್ದಾರೆ. ಅರೀಕಾ ಬಳಿಯ ಅಸಾಪಾದ ವಸ್ತುಸಂಗ್ರಹಾಲಯದಲ್ಲಿ ಆ ಮಮ್ಮಿಗಳಿವೆ. ಬಸ್ಸು ಹಿಡಿಯುವ ಮುಂಚೆ ಒಂದು ಬೆಳಗ್ಗೆ ಇದಕ್ಕಾಗಿ ಇಟ್ಟುಕೊಳ್ಳಿ.

ಮುಂದೆ ರಸ್ತೆಯ ಬದಿಯಲ್ಲಿ ಗೊಂಬೆಮನೆಯಂಥ ಪುಟ್ಟ ಗುಡಿಗಳು ಕಾಣತೊಡಗುತ್ತವೆ. ಅಪಘಾತದಲ್ಲಿ ತೀರಿಕೊಂಡವರ ನೆನಪಿಗೆ ಮನೆಯವರು ಕಟ್ಟಿಸಿದ ‘ಅನಿಮೀತಾ’ಗಳಿವು. ಕೆಲವು ಗುಡಿಗಳ ಸುತ್ತ ಮಾತ್ರ ನೀರು ತುಂಬಿದ ಬಾಟಲಿಗಳ ರಾಶಿ. ಅವು ದಿಫುಂತಾ ಕೊರೆಯಾ ಎಂಬ ತಾಯಿಯ ಗುಡಿಗಳು. ಪಕ್ಕದ ಅರ್ಜೆಂಟೀನಾದ ಕತೆ ಅದು. 1840ರ ಸುಮಾರಿಗೆ ನಡೆದ ಅಂತರ್ಯುದ್ಧದಲ್ಲಿ ಗಂಡನನ್ನು ಬಲವಂತದಿಂದ ಸೈನ್ಯಕ್ಕೆ ಎಳೆದೊಯ್ದರಂತೆ. ಹಾಲುಗೂಸನ್ನು ಎತ್ತಿಕೊಂಡು ಹೆಂಡತಿ ಮರಳುಗಾಡಿನಲ್ಲಿ ಹಿಂದೆಯೇ ನಡೆದಳಂತೆ. ನೀರಿಲ್ಲದೆ ಪ್ರಾಣ ಬಿಟ್ಟಳು. ದಿನಗಳ ನಂತರ ಆ ದಾರಿಯಲ್ಲಿ ಬಂದ ದನಗಾಹಿಗಳು ನೋಡಿದರೆ ಕೂಸು ಸತ್ತ ತಾಯಿಯ ಎದೆಹಾಲು ಕುಡಿಯುತ್ತಾ ಬದುಕಿತ್ತು! ಅಂದಿನಿಂದ ಅವಳು ದಾರಿಹೋಕರ ತಾಯಿ. ಲಾರಿ ಚಾಲಕರು, ಬಸ್ ಚಾಲಕರು ಅವಳ ಬಾಯಾರಿಕೆ ತಣಿಯಲೆಂದು ನೀರಿನ ಹರಕೆ ಒಪ್ಪಿಸುತ್ತಾರೆ. ಚರ್ಚು ಅವಳನ್ನು ಸಂತಳೆಂದು ಒಪ್ಪಿಲ್ಲ. ಜನ ಒಪ್ಪಿದ್ದಾರೆ.

ರಾತ್ರಿ ಒಳ್ಳೆಯ ನಿದ್ದೆಯಲ್ಲಿರುವಾಗ ಬಸ್ಸು ನಿಂತು “ಎಲ್ಲರೂ ಇಳಿಯಿರಿ, ಸಾಮಾನು ಸಮೇತ” ಎಂದರೆ ದರೋಡೆಯೆಂದು ಹೆದರಬೇಡಿ. ಇಕೀಕೆಯಲ್ಲಿ ಸುಂಕವಿಲ್ಲದ ಮಾರುಕಟ್ಟೆ ಇರುವುದರಿಂದ ದಕ್ಷಿಣಕ್ಕೆ ಹೋಗುವ ಬಸ್ಸುಗಳನ್ನು ಲೋವಾ ನದಿಯ ಹತ್ತಿರ ಸುಂಕದವರು ತಪಾಸಣೆ ಮಾಡುತ್ತಾರೆ. ಚಳಿ ಕೊರೆಯುತ್ತದೆ. ಶಾಲು ಕೈಗೆಟುಕುವಂತಿರಲಿ.

ದಾರಿಯ ತಿಂಡಿ

ಬಸ್ಸಿನ ಊಟವೆಂದರೆ ಸಾಮಾನ್ಯವಾಗಿ ಅನ್ನ ಮತ್ತು ಕೋಳಿ. ಸಸ್ಯಾಹಾರಿಗಳು ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ ಎಂದರೆ ಸಾಲದು. ಕೋಳಿಯನ್ನು ಅಲ್ಲಿ ಎಷ್ಟೋ ಜನ ಮಾಂಸದ ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ನಿ ಪೋಯೊ, ನಿ ಪೆಸ್ಕಾದೊ’ (ಕೋಳಿಯೂ ಬೇಡ, ಮೀನೂ ಬೇಡ) ಎಂದು ಸೇರಿಸಿ. ಅದಕ್ಕಿಂತ ದಾರಿಯ ತಿಂಡಿಯೇ ವಾಸಿ. ಪೆರುವಿನಲ್ಲಿ ಹುರಿದ ಜೋಳ, ಬೇಯಿಸಿದ ದಪ್ಪಕಾಳಿನ ಜೋಳದ ಜೊತೆ ಗಿಣ್ಣದ ಚೂರು, ಮತ್ತೆ ‘ಚಿಫ್ಲೆಸ್’. ಇದು ನಮ್ಮ ಬಾಳೆಕಾಯಿ ಚಿಪ್ಸೇ ಸರಿ. ಚಿಲಿಯ ಲಾ ಲೀಗುವಾ ಬಳಿ ಬಿಳಿ ಬಟ್ಟೆ ತೊಟ್ಟ ಹೆಂಗಸರು ಹೆದ್ದಾರಿ ಬದಿಯಲ್ಲಿ ನಿಂತು ಬಿಳಿ ವಸ್ತ್ರ ಬೀಸಿ ಕರೆದು ಸಿಹಿತಿಂಡಿ ಮಾರುತ್ತಾರೆ. ದೂರದಿಂದ ಪಾರಿವಾಳಗಳಂತೆ ಕಾಣುವುದರಿಂದ ಅವರಿಗೆ ‘ಪಲೋಮೀತಾ’, ಪುಟ್ಟ ಪಾರಿವಾಳ, ಎಂದೇ ಹೆಸರು. ಹಾಲು ಸಕ್ಕರೆ ಕಾಯಿಸಿ ಮಾಡಿದ ಖೋವಾದಂಥ ಹೂರಣ ಆ ತಿಂಡಿಗಳಲ್ಲಿರುತ್ತದೆ.

ಉಮೀತಾ ಎಂಬ ಜೋಳದ ಕಡುಬನ್ನು ನೀವು ಮನೆಯಲ್ಲೇ ಮಾಡಬಹುದು. ಎಳೆಯ ಮುಸುಕಿನ ಜೋಳ 6 ತೆಗೆದುಕೊಂಡು ಸಿಪ್ಪೆ ಹರಿಯದಂತೆ ಬಿಡಿಸಿಟ್ಟುಕೊಳ್ಳಿ. ಕಾಳನ್ನು ನೀರು ಹಾಕದೆ ರುಬ್ಬಿ. ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿಯನ್ನು 2 ಚಮಚ ಬೆಣ್ಣೆಯಲ್ಲಿ ಬಾಡಿಸಿ, ಕಾಮಕಸ್ತೂರಿ ಎಲೆ 5-6, ಉಪ್ಪು, ಬೇಕಿದ್ದರೆ ಒಂದು ಹಸಿಮೆಣಸಿನಕಾಯಿ ಸೇರಿಸಿ ಹಿಟ್ಟಿಗೆ ಕಲಸಿ. ಎರಡು ಸಿಪ್ಪೆಗಳನ್ನು ಒಂದರ ಮೇಲೊಂದಿಟ್ಟು, ಹಿಟ್ಟು ತುಂಬಿ, ಮಡಿಸಿ ದಾರದಿಂದ ಕಟ್ಟಿ, 40 ನಿಮಿಷ ಹಬೆಯಲ್ಲಿ ಬೇಯಿಸಿ. ಕೊಟ್ಟೆಕಡುಬು ಮಾಡಿ ಗೊತ್ತಿದ್ದವರಿಗೆ ಇದೇನೂ ಕಷ್ಟವಲ್ಲ.

ಹೊರಡುವವರ ಗಮನಕ್ಕೆ

* ಪೆರುವಿನಿಂದ ಭಾರತಕ್ಕೆ ಮರಳುವಾಗ ಹಳದಿಜ್ವರದ ಲಸಿಕೆ ಪತ್ರ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಸರ್ಕಾರ ಒಪ್ಪಿದ ಕೇಂದ್ರದಲ್ಲಿ, ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಳ್ಳಿ.
* ವೀಸಾ ನಿಯಮ ಬದಲಾಗುತ್ತಿರುತ್ತದೆ. ಎರಡೂ ದೇಶಗಳ ರಾಯಭಾರ ಕಚೇರಿಯಲ್ಲಿ ವಿಚಾರಿಸಿಯೇ ಟಿಕೆಟ್ಟು ಕೊಳ್ಳಿ.
* ಬೆಳಕಿರುವಾಗ ತಲುಪುವ ಬಸ್ಸನ್ನೇ ಆರಿಸಿ. ಮುಂಜಾವಿನ ಕತ್ತಲಲ್ಲಿ ಇಳಿದರೆ ಬೆಳಗಾಗುವವರೆಗೆ ನಿಲ್ದಾಣದೊಳಗೇ ಕೂತಿರಿ.
* ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ದಾಟುವಾಗ ಮೊದಲು ಎಡಕ್ಕೆ ನೋಡಿ.
* ರಸ್ತೆ ಮುಚ್ಚುವುದುಂಟು. 2017ರಲ್ಲಿ ಎಲ್ ನಿನ್ಯೊ ಮಳೆಗೆ ಉತ್ತರ ಪೆರುವಿನಲ್ಲಿ ಸೇತುವೆಗಳು ಕೊಚ್ಚಿಹೋದವು. 2022ರ ಡಿಸೆಂಬರಿನಿಂದ 2023ರ ಆರಂಭದವರೆಗೆ ಪ್ರತಿಭಟನೆಗಾರರು ದಕ್ಷಿಣದ ಹೆದ್ದಾರಿ ತಡೆದರು. ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡೇ ಯೋಜನೆ ಹಾಕಿ.
* ನೀರು, ಒಣ ತಿಂಡಿ, ಶಾಲು, ಕಾಲುಚೀಲ, ಚಿಲ್ಲರೆ, ವಾಂತಿ ಮಾತ್ರೆ ಕೈಚೀಲದಲ್ಲಿರಲಿ.

ಕೊನೆಗೊಮ್ಮೆ ಮರಳು ಮುಗಿದು ದ್ರಾಕ್ಷಿತೋಟಗಳು ಶುರುವಾಗುತ್ತವೆ. ಸಾಂಟಿಯಾಗೊದಲ್ಲಿ ಬಸ್ಸು ಬದಲಿಸಿದರೆ ಎರಡು ಗಂಟೆಯೊಳಗೆ ವಾಲ್ಪರೈಸೊ. ಗುಡ್ಡದ ಮೇಲೆ ಗುಡ್ಡ, ಬಣ್ಣಬಣ್ಣದ ತಗಡಿನ ಮನೆಗಳು, 1883ರಿಂದ ಜನರನ್ನು ಗುಡ್ಡಕ್ಕೇರಿಸುತ್ತಿರುವ ಹಳಿಯ ಮೇಲಿನ ಪುಟ್ಟ ಪೆಟ್ಟಿಗೆ ಗಾಡಿಗಳು. ಫ್ಲೋರಾ ತ್ರಿಸ್ತಾನ್ ಮೊದಲು ಕಾಲಿಟ್ಟ ಬಂದರು ಇದೇ.

ಮನೆಯಲ್ಲಿ ಕಾಯುವ ತಾಯಂದಿರಿಗೆ ಒಂದು ಮಾತು. ಆ ಮರಳುಗಾಡಿನಲ್ಲಿ ಗಂಟೆಗಟ್ಟಲೆ ಫೋನಿಗೆ ಸಂಕೇತ ಸಿಗುವುದಿಲ್ಲ. ಮಗಳ ಫೋನು ‘ವ್ಯಾಪ್ತಿ ಪ್ರದೇಶದ ಹೊರಗಿದೆ’ ಎಂದರೆ ಕೂಡಲೇ ಕೆಟ್ಟದ್ದನ್ನು ಯೋಚಿಸಬೇಡಿ. ಬಸ್ಸಿನ ಕಂಪನಿ, ಹೊರಡುವ ಹೊತ್ತು, ಸೀಟಿನ ಸಂಖ್ಯೆ, ತಲುಪುವ ಹೊತ್ತು, ಈ ನಾಲ್ಕನ್ನು ಮೊದಲೇ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ತಲುಪುವ ಹೊತ್ತಿಗೆ ಮೂರು ನಾಲ್ಕು ಗಂಟೆ ಸೇರಿಸಿಕೊಳ್ಳಿ. ಅಲ್ಲಿಯವರೆಗೆ ನಿಮ್ಮ ಕೆಲಸ ನೋಡಿಕೊಳ್ಳಿ, ಊಟ ಮಾಡಿ. ಫೋನು ಬಂದೇ ಬರುತ್ತದೆ.